ಕೊಲಂಬೊ ಉಜ್ಜನಪ್ಪನವರು
ಶಿವಮೊಗ್ಗದ ಜವಳಿ ವ್ಯಾಪಾರಿ ಉಜ್ಜನಪ್ಪನವರು ರೈಲು, ಹಡಗು ಹತ್ತಿ ಸಿಂಹಳಕ್ಕೆ ಹೋಗಿಬಂದು ಹತ್ತು ವರ್ಷವಾದರೂ ಅವರ ಬಾಯಿಂದ ಕೊಲಂಬೊ ಇಳಿದಿರಲಿಲ್ಲ. ಯಾರಾದರೂ ನೀಲಿ ಸೀರೆ ಕೇಳಿದರೆ, "ನೀಲಿ ಅಂದ್ರೆ ಕೊಲಂಬೊ ಹತ್ರದ ನೆಗೊಂಬೊ ಸಮುದ್ರದ್ದು ಕಣಮ್ಮ, ಇದೇನು ಮಹಾ!" ಎಂದು ತಮ್ಮ ಸರಕನ್ನೇ ಹಳಿಯುತ್ತಿದ್ದರು. ಭದ್ರಾವತಿಯ ಕಾರ್ಖಾನೆಯ ಹೊಗೆಗೊಳವೆ ಕಂಡರೆ ಅವರಿಗೆ ಕೊಲಂಬೊ ಬಂದರಿನ ದೀಪಸ್ತಂಭ ನೆನಪಾಗುತ್ತಿತ್ತು. ತುಂಗೆಯ ದಂಡೆಯಲ್ಲಿ ನಿಂತರೆ, ಪಾಪ, ಈ ನೀರಿಗೆ ಅಲೆಯೇ ಇಲ್ಲವಲ್ಲ ಎಂದು ಮರುಗುತ್ತಿದ್ದರು. ದಾಲ್ಚಿನ್ನಿ ಮಾರುವ ಗಲ್ಲಿ ಯಾವುದು, ಟ್ರಾಮು ತಿರುಗುವುದೆಲ್ಲಿ, ಕಡಲ ದಂಡೆಗುಂಟ ಹೋದರೆ ಯಾವ ಬೆಸ್ತರ ಕೇರಿಯಾದ ಮೇಲೆ ಯಾವುದು ಬರುತ್ತದೆ, ಎಲ್ಲವೂ ಅವರಿಗೆ ಬಾಯಿಪಾಠ. "ಹದಿನೈದೇ ದಿನದಲ್ಲಿ ಇಷ್ಟೆಲ್ಲ ಹೆಂಗೆ ನೋಡಿದ್ರಿ ಮಾರಾಯ್ರೇ?" ಎಂದು ಗಿರಾಕಿಯೊಬ್ಬರು ಒಮ್ಮೆ ನಕ್ಕಾಗ ಉಜ್ಜನಪ್ಪನವರು ಸೀರೆ ಮಡಿಸತೊಡಗಿದರು. ಉತ್ತರ ಕೊಟ್ಟವನು ಪಕ್ಕದಲ್ಲಿ ಬಟ್ಟೆ ಅಳೆಯುತ್ತಿದ್ದ ಅವರ ತಮ್ಮ ಮುರಿಗೆಪ್ಪ: "ಮನೇಲಿ ಜಗಳ ಆಡ್ಕೊಂಡು ಓಡಿಹೋಗಿ ನಾನು ಅಲ್ಲೇ ಎರಡು ವರ್ಷ ಇದ್ದೆ. ಆದ್ರೂ ಅಣ್ಣ ನೋಡಿದ್ರಲ್ಲಿ ಅರ್ಧಾನೂ ನಾನು ನೋಡಿಲ್ಲ. ನಾನು ಒಂದು ಹೋಟ್ಲಲ್ಲಿ ಕೆಲಸಕ್ಕಿದ್ದೆ. ಅಣ್ಣ ಬೀದಿ ಬೀದೀಲಿ ನನ್ನ ಹುಡುಕ್ತಾ ಇದ್ದ."