ಬಿಳಿ ತಂತಿ ಮೊದಲು

ಏಳು ಗಂಟೆಯಾಗುತ್ತ ಬಂದರೂ ಪಿಂಚರ್ಸ್ ಟಿಕಲ್ ಊರಿನ ಕೊಲ್ಲಿಯ ಮೇಲೆ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮುಚ್ಚಿಹೋದ ಮೀನು ಕಾರ್ಖಾನೆಯ ಅಂಗಳದಲ್ಲಿ ಸಾಲಾಗಿ ನಿಂತ, ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆಗಳಂಥ ಟ್ರೇಲರುಗಳ ಮೇಲೆ ರಾತ್ರಿಯ ಇಬ್ಬನಿ ಬೆಳ್ಳಗೆ ಗಟ್ಟಿಯಾಗಿದೆ. ಮೂರನೇ ಸಾಲಿನ ತುದಿಯಲ್ಲಿ, ಒಂದು ಟ್ರೇಲರಿನ ಮೂತಿಯ ಮುಂದೆ ಗೋಣಿತಾಟು ಹಾಸಿಕೊಂಡು ಮಂಡಿಯೂರಿರುವವರು ಟ್ರಿಫೀನಾ ಪೆಲ್ಲಿ. ಊರಿಗೆಲ್ಲ ಟ್ರಿಫಿ. ವಯಸ್ಸು ಎಪ್ಪತ್ತೊಂದು.

ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲು ಅವರು ಒಂದು ಸಲ ಟ್ರೇಲರಿನ ಒಳಗೆ ಹೋಗಿ ಬರುತ್ತಾರೆ. ದೀಪ ಆರಿದೆಯೇ, ಫ್ರಿಜ್ ನಿಂತಿದೆಯೇ, ಗ್ಯಾಸಿನ ತಿರುಪು ಬಂದ್ ಆಗಿದೆಯೇ ಎಂದು ನೋಡುತ್ತಾರೆ. ಆಮೇಲೆ ಸ್ಪ್ಯಾನರ್. ಬಿಳಿ ತಂತಿ ಮೊದಲು, ಕರಿ ತಂತಿ ಆಮೇಲೆ. ಬಿಚ್ಚಿದ ಕರಿ ತಂತಿಗೆ ಏಪ್ರನ್ನಿನ ಜೇಬಿನಿಂದ ಕೆಂಪು ಉಲ್ಲನ್ ಎಳೆಯೊಂದನ್ನು ತೆಗೆದು ಗಂಟು ಹಾಕುತ್ತಾರೆ. ವಸಂತದಲ್ಲಿ ಮಾಲೀಕರು ಬಂದು ತಾವೇ ಜೋಡಿಸಿಕೊಳ್ಳುವಾಗ ಪ್ಲಸ್ ಯಾವುದೆಂದು ತಲೆ ಕೆರೆದುಕೊಳ್ಳಬಾರದಲ್ಲ, ಅದಕ್ಕೆ.

"ಕಾರಲ್ಲಿ ಕರಿ ತಂತಿ ಮೈನಸ್ಸು. ಟ್ರೇಲರಲ್ಲಿ ಸುಮಾರು ಸಲ ಬಿಳೀದು ಮೈನಸ್ಸು, ಕರೀದೇ ಪ್ಲಸ್ಸು. ಕಾರಿನ ಬಗ್ಗೆ ಎಲ್ಲಾ ಗೊತ್ತು ಅನ್ನೋ ಗಂಡಸರೇ ಇಲ್ಲಿ ಜಾಸ್ತಿ ಫ್ಯೂಸ್ ಸುಡೋದು. ಬಣ್ಣ ನಂಬಬೇಡಿ, ಬ್ಯಾಟರಿ ಮೇಲೆ ಅಚ್ಚು ಹಾಕಿರೋದನ್ನ ನಂಬಿ ಅಂತೀನಿ. ಯಾರು ಕೇಳ್ತಾರೆ? ಅದಕ್ಕೇ ಉಲ್ಲನ್ನು," ಎನ್ನುತ್ತಾರೆ.

ನ್ಯೂಫೌಂಡ್‌ಲ್ಯಾಂಡಿನ ಈ ಕರಾವಳಿಯಲ್ಲಿ ಬೇಸಿಗೆಯೆಂದರೆ ಜಲ್ಲಿ ಗುಂಡಿ. ಹೆದ್ದಾರಿ ಹಾಕಿದವರು ಜಲ್ಲಿ ಅಗೆದು ಬಿಟ್ಟುಹೋದ ಬಯಲುಗಳಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಟ್ರೇಲರುಗಳು ಬೀಡುಬಿಡುತ್ತವೆ. ಬಾಡಿಗೆಯಿಲ್ಲ, ನಲ್ಲಿಯಿಲ್ಲ, ಕರೆಂಟಿನ ಕಂಬವಿಲ್ಲ. ದೀಪ, ನೀರಿನ ಪಂಪು, ರೇಡಿಯೋ ಎಲ್ಲವೂ ಬ್ಯಾಟರಿಯ ಕೃಪೆ. ಟ್ರಿಫಿಯ ಬಾಲ್ಯದಲ್ಲಿ ಅದೂ ಇರಲಿಲ್ಲ. ದೋಣಿಯ ಹಳೆಯ ಹಾಯಿಬಟ್ಟೆಯೇ ಡೇರೆ, ಸೀಮೆಎಣ್ಣೆಯ ಲಾಂದ್ರವೇ ದೀಪ. ಅಪ್ಪ ಅಕಾರ್ಡಿಯನ್ ತೆಗೆದರೆ ಪಕ್ಕದ ಡೇರೆಯವರು ಕರೆಯದೆಯೇ ಬಂದು ಕೂರುತ್ತಿದ್ದರು. ಅಮ್ಮ ಹಂದಿಕೊಬ್ಬಿನಲ್ಲಿ ಕರಿದ ಟೌಟನ್ ರೊಟ್ಟಿಗೆ ಕಾಕಂಬಿ ಸುರಿದು, ಮೊದಲದನ್ನು ಯಾವಾಗಲೂ ಪಕ್ಕದವರ ಮಕ್ಕಳಿಗೇ ಕೊಡುತ್ತಿದ್ದಳು. "ನಮಗೆ ಹೊಟ್ಟೆ ಉರೀತಿತ್ತು. ಈಗ ಆ ಮಕ್ಕಳೆಲ್ಲ ಅಜ್ಜಂದಿರಾಗಿದ್ದಾರೆ, ಬ್ಯಾಟರಿ ತಗೊಂಡು ನನ್ನ ಹತ್ರಾನೇ ಬರ್ತಾರೆ."

ಟ್ರಿಫಿ ಹದಿನೇಳನೇ ವಯಸ್ಸಿಗೆ ಇದೇ ಕಾರ್ಖಾನೆಗೆ ಸೇರಿದವರು. ಇಪ್ಪತ್ತೆರಡು ವರ್ಷ ಕಾಡ್ ಮೀನಿನ ಮುಳ್ಳು ಬಿಡಿಸಿದರು. ಸಮುದ್ರದಲ್ಲಿ ಮೀನು ಬತ್ತಿ, ಕಾಡ್ ಹಿಡಿಯುವುದನ್ನು ಸರ್ಕಾರ ನಿಲ್ಲಿಸಿದ ವರ್ಷ ಊರಿನ ಮುನ್ನೂರು ಜನರ ಜೊತೆ ಅವರ ಕೆಲಸವೂ ಹೋಯಿತು. ಒಳಗಿನದನ್ನೆಲ್ಲ ತೊಳೆದು ಬೀಗ ಹಾಕಲು ಏಳು ಜನರನ್ನು ಮಾತ್ರ ಉಳಿಸಿಕೊಂಡರು. ಅದರಲ್ಲಿ ಟ್ರಿಫಿ ಒಬ್ಬರು, ಮೀನಿನ ಪೆಟ್ಟಿಗೆ ಎತ್ತುವ ಬ್ಯಾಟರಿ ಗಾಡಿಗಳ ಮೆಕ್ಯಾನಿಕ್ ಆಂಬ್ರೋಸ್ ನೋಸ್‌ವರ್ದಿ ಇನ್ನೊಬ್ಬರು. ತೊಳೆಯಲು ಏನೂ ಉಳಿಯದ ದಿನಗಳಲ್ಲಿ ಆಂಬ್ರೋಸ್ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಬ್ಯಾಟರಿ ಬಿಚ್ಚುವುದು, ತುಂಬಿಸುವುದು, ಕಾಯುವುದನ್ನು ಕಲಿಸಿದರು. ಸುಮ್ಮನೆ ಕೂತರೆ ಇಬ್ಬರೂ ಅತ್ತುಬಿಡುತ್ತೇವೆ ಎಂಬ ಹೆದರಿಕೆಗೇ ಅವರು ಕಲಿಸಿದ್ದು ಎಂದು ಟ್ರಿಫಿ ನೆನೆಯುತ್ತಾರೆ. ಆಂಬ್ರೋಸ್ ಈಗಿಲ್ಲ.

ಆಮೇಲೆ ಹಲವು ವರ್ಷ ಶಾಲೆಯ ನೆಲ ಒರೆಸಿದರು, ವೃದ್ಧರ ಮನೆಯಲ್ಲಿ ಬಟ್ಟೆ ಒಗೆದರು. ಮೀನಿನ ಲಾರಿ ನಿಲ್ಲುತ್ತಿದ್ದ ಅಂಗಳದಲ್ಲಿ ಊರಿನವರು ಚಳಿಗಾಲಕ್ಕೆ ಟ್ರೇಲರ್ ತಂದು ನಿಲ್ಲಿಸತೊಡಗಿದಾಗ ಈ ಕೆಲಸ ತಾನಾಗಿಯೇ ಅವರ ಕೈಗೆ ಬಂತು. ಈ ಕೆಲಸದಲ್ಲಿ ಅವರಿಗಿದು ಇಪ್ಪತ್ತನಾಲ್ಕನೇ ಅಕ್ಟೋಬರ್. ಈ ಸಲ ನೂರಹದಿನೆಂಟು ಟ್ರೇಲರುಗಳಿವೆ. ದಿನಕ್ಕೆ ಹನ್ನೆರಡು, ಮಳೆ ಬಂದರೆ ಎಂಟು. ಒಂದೊಂದು ಬ್ಯಾಟರಿ ಇಪ್ಪತ್ತು ಕಿಲೋ ಮೇಲೆಯೇ ತೂಗುತ್ತದೆ. ಅವನ್ನು ಕೈಗಾಡಿಯಲ್ಲಿ ಮನೆಗೆ ತಳ್ಳಿಕೊಂಡು ಹೋಗಿ, ನೆಲಮಾಳಿಗೆಯ ಹಲಗೆಗಳ ಮೇಲೆ ಹೆಸರು ಬರೆದು ಜೋಡಿಸಿ, ಚಳಿಗಾಲವಿಡೀ ಸರದಿಯ ಮೇಲೆ ಚಾರ್ಜ್ ಮಾಡುತ್ತಾರೆ. ಪ್ರತಿಯಾಗಿ ಮನೆಗೆ ಬರುವುದು ಹೆಚ್ಚಾಗಿ ಬಾಟಲಿಗೆ ತುಂಬಿದ ಮೂಸ್ ಕಡವೆಯ ಮಾಂಸ, ಕಾಡುಹಣ್ಣಿನ ಜಾಮ್, ಉಪ್ಪುಮೀನು.

ಎಡಗೈಯ ಉಂಗುರದ ಬೆರಳಿನ ಸುತ್ತ ಬಿಳಿಯ ಗಾಯದ ಗೆರೆಯೊಂದಿದೆ. ಮೊದಲ ವರ್ಷ ಅಮ್ಮನ ಉಂಗುರ ತೊಟ್ಟುಕೊಂಡೇ ಸ್ಪ್ಯಾನರ್ ಹಿಡಿದಿದ್ದರು. ಸ್ಪ್ಯಾನರ್ ಪ್ಲಸ್ಸಿನ ಮೇಲಿದ್ದಾಗಲೇ ಉಂಗುರ ಟ್ರೇಲರಿನ ಕಬ್ಬಿಣಕ್ಕೆ ತಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಡವಾಯಿತು. ಮೈನಸ್ ಮೊದಲು ಬಿಚ್ಚಬೇಕೆಂದು ಆಂಬ್ರೋಸ್ ನೂರು ಸಲ ಹೇಳಿದ್ದು ಯಾಕೆಂದು ಅವತ್ತು ಅರ್ಥವಾಯಿತಂತೆ.

ಆದರೆ ಟ್ರಿಫಿಯ ಮನಸ್ಸನ್ನು ಸುಟ್ಟ ಬ್ಯಾಟರಿ ಬೇರೆಯೇ. ಅದು ಎರಡು ವರ್ಷದ ಹಿಂದಿನ ಮಾತು.

ಶಾಲಾ ಬಸ್ ಓಡಿಸಿ ನಿವೃತ್ತರಾದ ಹೇವರ್ಡ್ ಬರ್ಟ್ ಆ ಅಕ್ಟೋಬರಿನಲ್ಲಿ ಒಬ್ಬರೇ ಟ್ರೇಲರ್ ಎಳೆದುಕೊಂಡು ಬಂದರು. ಹೆಂಡತಿ ಡಲ್ಸಿ ಆಗಸ್ಟಿನಲ್ಲಿ ತೀರಿಕೊಂಡಿದ್ದಳು. ಡಲ್ಸಿ ಮತ್ತು ಟ್ರಿಫಿ ಕಾರ್ಖಾನೆಯಲ್ಲಿ ಅಕ್ಕಪಕ್ಕ ನಿಂತು ಮೀನು ಬಿಡಿಸಿದವರು. ಈ ಸಲ ಬ್ಯಾಟರಿ ಬಿಚ್ಚುವುದು ಬೇಡ ಎಂದು ಹೇವರ್ಡ್ ಕೇಳಿಕೊಂಡರು. ಕಾರಣವನ್ನೂ ಹೇಳಿದರು. ಟ್ರೇಲರಿನ ರೇಡಿಯೋದಲ್ಲೊಂದು ಗಡಿಯಾರವಿದೆ. ಹೇವರ್ಡ್ ಟ್ರೌಟ್ ಹಿಡಿಯಲು ಹೋದರೆ ಊಟದ ಹೊತ್ತು ಮರೆಯುತ್ತಾರೆಂದು ಡಲ್ಸಿ ಅದನ್ನು ಇಪ್ಪತ್ತು ನಿಮಿಷ ಮುಂದಿಟ್ಟಿದ್ದಳು. ಪ್ರತಿ ವಸಂತದಲ್ಲೂ ಅವಳೇ ಹೊಂದಿಸುತ್ತಿದ್ದಳು. ತಂತಿ ಬಿಚ್ಚಿದರೆ ಅವಳು ಕೊನೆಯದಾಗಿ ಇಟ್ಟ ಸಮಯ ಅಳಿಸಿಹೋಗುತ್ತದೆ.

ಆಗುವುದಿಲ್ಲ ಎಂದರು ಟ್ರಿಫಿ. ಗಡಿಯಾರವೂ ಗ್ಯಾಸ್ ಸೋರಿದರೆ ಕೂಗುವ ಯಂತ್ರವೂ ಸೇರಿ ಕೆಲವೇ ವಾರಗಳಲ್ಲಿ ಬ್ಯಾಟರಿಯನ್ನು ಹೀರಿಬಿಡುತ್ತವೆ, ಖಾಲಿಯಾದ ಬ್ಯಾಟರಿ ನೀರಿನ ಹಾಗೆ ಹೆಪ್ಪುಗಟ್ಟಿ ಒಡೆಯುತ್ತದೆ, ಆಸಿಡ್ ಸೋರುತ್ತದೆ ಎಂದು ವಿವರಿಸಿದರು. ಅಂಗಳದಲ್ಲಿ ಕರೆಂಟಿಲ್ಲ. ಹೇವರ್ಡ್ ಇರುವ ವೃದ್ಧರ ಕಾಲೊನಿಯಲ್ಲಿ ಟ್ರೇಲರ್ ನಿಲ್ಲಿಸಲು ಜಾಗವಿಲ್ಲ. "ಸರಿ ಬಿಡು ಹುಡ್ಗೀ," ಎಂದು ಹೇವರ್ಡ್ ಬೀಗದ ಕೈ ಕೊಟ್ಟು ಹೋದರು. ಎಪ್ಪತ್ತು ದಾಟಿದರೂ ಇಲ್ಲಿ ಹೆಂಗಸರೆಲ್ಲ ಹುಡುಗಿಯರೇ.

"ಒಳಗೆ ಹೋದೆ. ಆ ಹಸಿರು ಅಂಕಿ ಉರೀತಿತ್ತು. ಡಲ್ಸಿ ಸೀನು ಬಂದ್ರೂ ನನ್ನ ಕಡೆ ತಿರುಗಿ ಸೀನೋಳು, ಅಷ್ಟು ಹತ್ರ ನಿಂತಿದ್ವಿ ಇಬ್ಬರೂ. ನನ್ನ ಕೈ ಮೇಲೇಳಲಿಲ್ಲ."

ಅವರು ಬಿಚ್ಚಲಿಲ್ಲ. ಗಡಿಯಾರದ್ದೊಂದು ಬಿಟ್ಟು ಉಳಿದೆಲ್ಲ ಫ್ಯೂಸ್ ಕಿತ್ತಿಟ್ಟರು. ಹದಿನೈದು ದಿನಕ್ಕೊಮ್ಮೆ ಮನೆಯಿಂದ ತುಂಬಿದ ಬ್ಯಾಟರಿಯೊಂದನ್ನು ಹಿಮದ ಮೇಲೆ ಎಳೆಬಂಡಿಯಲ್ಲಿ ತಂದು, ಮೊದಲು ಅದನ್ನು ಹಳೆಯದಕ್ಕೆ ಕೇಬಲ್ಲಿನಿಂದ ಜೋಡಿಸಿ, ಗಡಿಯಾರಕ್ಕೆ ಕರೆಂಟು ಒಂದು ಕ್ಷಣವೂ ತಪ್ಪದಂತೆ ಹಳೆಯದನ್ನು ಬಿಡಿಸಿಕೊಂಡು ಹೋದರು. ಯಾರಿಗೂ ಹೇಳಲಿಲ್ಲ. ಈ ಚಳಿಯಲ್ಲಿ ಎಲ್ಲಿಗೆ ಎಂದು ಕೇಳಿದ ನೆರೆಯವರಿಗೆ ವ್ಯಾಯಾಮ ಎಂದರು. ನವೆಂಬರ್ ದಾಟಿತು, ಕ್ರಿಸ್‌ಮಸ್ ದಾಟಿತು, ಜನವರಿಯೂ ದಾಟಿತು.

ಫೆಬ್ರವರಿಯಲ್ಲಿ ಬ್ಯಾಟರಿ ಬದಲಿಸುವ ದಿನವೇ ಜ್ವರ ಬಂತು. ವಾರವಿಡೀ ಏಳಲಾಗಲಿಲ್ಲ. ಏಳುವ ಹೊತ್ತಿಗೆ ಬಿರುಗಾಳಿ ಹಿಡಿದು, ಅಂಗಳದ ದಾರಿಯ ಮೇಲೆ ಎದೆಮಟ್ಟ ಹಿಮ ಬಿತ್ತು. ದಾರಿ ತೆರೆದ ಮೇಲೆ ಅವರು ಹೋಗಿ ನೋಡಿದರೆ ಗಡಿಯಾರದ ಮುಖ ಕಪ್ಪಾಗಿತ್ತು. ಕೈಗವಸು ಕಳಚಿ ಟ್ರೇಲರಿನ ಬೆಂಚಿನ ಮೇಲೆ ತುಂಬ ಹೊತ್ತು ಕೂತಿದ್ದರಂತೆ. ಅದಕ್ಕೆ ಮೊದಲು ಅಷ್ಟು ಹೊತ್ತು ಅವರು ಸುಮ್ಮನೆ ಕೂತದ್ದು ಕಾರ್ಖಾನೆಗೆ ಬೀಗ ಬಿದ್ದ ದಿನ ಮಾತ್ರ.

ಮೇ ತಿಂಗಳಲ್ಲಿ ಹೇವರ್ಡ್ ಬಂದರು. ಬ್ಯಾಟರಿ ಅಕ್ಟೋಬರಿನಲ್ಲೇ ಬಿಚ್ಚಿದೆಯೆಂದು ಅವರು ನಂಬಿದ್ದರು. ಟ್ರಿಫಿ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೂ ಎಲ್ಲವನ್ನೂ ಹೇಳಿದರು. ಫೆಬ್ರವರಿವರೆಗೆ ಉಳಿಸಿದ್ದೆ, ಆಮೇಲೆ ಕೈಯಲ್ಲಾಗಲಿಲ್ಲ ಎಂದರು.

ಹೇವರ್ಡ್ ಟ್ರೇಲರಿನ ಮೆಟ್ಟಿಲ ಮೇಲೆ ಕೂತು ಟೋಪಿ ತೆಗೆದರು. ಆಮೇಲೆ ಕೇಳಿದರು: "ಆ ಹಿಮದಲ್ಲಿ ನೀನೇ ಎಳ್ಕೊಂಡು ಬರ್ತಿದ್ಯಾ?"

"ಇನ್ಯಾರು ಬರ್ತಾರೆ ಮಾರಾಯಾ?"

"ನಂಗೆ ಅದನ್ನ ಹೊಂದಿಸೋಕೆ ಬರಲ್ಲ. ಯಾವ ಗುಂಡಿ ಅಂತಾನೂ ಗೊತ್ತಿಲ್ಲ. ಅವಳೇ ಮಾಡ್ತಿದ್ಲು."

ಟ್ರಿಫಿ ಒಳಗೆ ಹೋಗಿ ತಮ್ಮ ಕೈಗಡಿಯಾರ ನೋಡಿಕೊಂಡು ಗುಂಡಿ ಒತ್ತತೊಡಗಿದರು. ಬಾಗಿಲಿನಿಂದ ಹೇವರ್ಡ್ ದನಿ ಬಂತು: "ಇಪ್ಪತ್ತು ನಿಮಿಷ ಮುಂದಿಡು. ನಾನೇನೂ ಸುಧಾರಿಸಿಲ್ಲ."

ಆ ಬೇಸಿಗೆಯಲ್ಲಿ ಹೇವರ್ಡ್ ತಾವು ಹಿಡಿದ ಟ್ರೌಟ್ ಮೀನನ್ನು ಎಂಟು ಸಲ ಟ್ರಿಫಿಯ ಬಾಗಿಲಿಗೆ ತಂದುಕೊಟ್ಟರು. ಅಕ್ಟೋಬರ್ ಬಂದಾಗ ಅಂಗಳಕ್ಕೆ ಎಲ್ಲರಿಗಿಂತ ಮೊದಲು ಬಂದದ್ದು ಅವರದೇ ಟ್ರೇಲರ್. ಈ ಸಲ ಬಿಚ್ಚು, ವಸಂತಕ್ಕೆ ಮತ್ತೆ ಇಟ್ಟುಕೊಡುವವರಿದ್ದಾರಲ್ಲ ಎಂದರಂತೆ. ಬಿಚ್ಚುವಷ್ಟೂ ಹೊತ್ತು ಪಕ್ಕದಲ್ಲೇ ನಿಂತು ಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡಿದ್ದರು. ಈ ವರ್ಷವೂ ಹಾಗೆಯೇ ಆಯಿತು.

ಟ್ರಿಫಿಗೆ ಸ್ವಂತ ಟ್ರೇಲರ್ ಇಲ್ಲ. ಬೇಕೆಂದೂ ಅನಿಸಿಲ್ಲ. ಮೇ ತಿಂಗಳ ಮೊದಲ ರಜೆಯ ವಾರದಲ್ಲಿ ನೂರಕ್ಕೂ ಹೆಚ್ಚು ಟ್ರೇಲರುಗಳು ಜಲ್ಲಿ ಗುಂಡಿಗಳಿಗೆ ಹೊರಟಾಗ ಅವರು ಮನೆಯಲ್ಲೇ ಇರುತ್ತಾರೆ. ಟೀ ಕಾಯಿಸಿಕೊಂಡು, ಡಬ್ಬಿಯ ಹಾಲು ಬೆರೆಸಿಕೊಂಡು, ಬಾಗಿಲಿಗೆ ಕಿವಿಗೊಟ್ಟು ಕೂರುತ್ತಾರೆ. ಯಾರಾದರೂ ಬರಲೆಂದೇ ಎಂದು ಕೇಳಿದರೆ ನಗುತ್ತಾರೆ.

"ಅಯ್ಯೋ, ಬರಬಾರದು ಅಂತ. ಅವತ್ತು ಯಾರೂ ನನ್ನ ಬಾಗಿಲು ತಟ್ಟಲಿಲ್ಲ ಅಂದ್ರೆ ಅಲ್ಲಿ ಎಲ್ಲರ ದೀಪಾನೂ ಹತ್ತಿದೆ ಅಂತ ಅರ್ಥ. ಇಪ್ಪತ್ತನಾಲ್ಕು ವರ್ಷದಲ್ಲಿ ಮೂರೇ ಮೂರು ಜನ ತಟ್ಟಿರೋದು."