ಉಪ್ಪಿನಕಾಯಿ ಜಾಡಿಯ ಬೊಕೆ

ನಮ್ಮ ಯಜಮಾನರು ಕಾರ್ಖಾನೆಯಿಂದ ನಿವೃತ್ತರಾದ ದಿನ ಮನೆಗೆ ಎರಡು ವಸ್ತು ತಂದರು. ಒಂದು ಗೋಡೆ ಗಡಿಯಾರ, ಇನ್ನೊಂದು ಬೊಕೆ. ಇನ್ನು ಹೊತ್ತಿಗೆ ಸರಿಯಾಗಿ ಎಲ್ಲಿಗೂ ಹೋಗಬೇಕಿಲ್ಲದ ಮನುಷ್ಯನಿಗೆ ಗಡಿಯಾರ ಯಾಕೆ ಕೊಡುತ್ತಾರೋ ಆ ದೇವರಿಗೇ ಗೊತ್ತು. ಅದು ನೇರ ಅಟ್ಟ ಸೇರಿತು. ಬೊಕೆಯನ್ನು ಮಾತ್ರ ಆಟೋದಿಂದ ಬಾಣಂತಿಯ ಮಗು ಇಳಿಸಿಕೊಂಡ ಹಾಗೆ ಎರಡೂ ಕೈಯಲ್ಲಿ ಇಳಿಸಿಕೊಂಡರು. ಉದ್ದುದ್ದ ಕಡ್ಡಿಯ ಕೆಂಪು ಗುಲಾಬಿ, ನಡುನಡುವೆ ಹಳದಿ ಜರ್ಬೆರಾ.

"ಭಾನ್ವಾರದ್ ತನ್ಕ ಇದು ಬಾಡ್ಬಾರ್ದು," ಎಂದು ನನಗೆ ಅಪ್ಪಣೆಯಾಯಿತು.

ಭಾನುವಾರ ಯಾರು ಬರುತ್ತಾರೆ ಎಂದು ನಾನು ಕೇಳಲಿಲ್ಲ. ಬರುವವರು ನಮ್ಮ ಭಾವ, ಇವರ ಅಣ್ಣ. ಹಿಂದೆ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿದ್ದರು. ಗಣಿ ಮುಚ್ಚಿದ ಮೇಲೆ ಬಂಗಾರಪೇಟೆ ಪಕ್ಕದ ಹಳ್ಳಿಗೆ ಹೋಗಿ ಕೂಲಿನಾಲಿ ಮಾಡಿಕೊಂಡಿದ್ದಾರೆ. ಬೀಳ್ಕೊಡುಗೆ ಸಭೆಗೆ ಬಾ ಎಂದು ಇವರು ಫೋನ್ ಮಾಡಿದರೆ, "ಕೆಲ್ಸ ಬಿಡಾದೂ ಒಂದು ಅಬ್ಬಾನೇನ್ಲಾ? ಭಾನ್ವಾರ ಬತ್ತೀನಿ, ಸಾರು ಮಾಡ್ಸಿಡು," ಎಂದು ಇಟ್ಟುಬಿಟ್ಟಿದ್ದರು. ಆ ಮಾತು ಇವರಿಗೆ ಚುಚ್ಚಿತ್ತು. ಸಭೆಗೆ ಬಾರದ ಅಣ್ಣ ಬೊಕೆಯನ್ನಾದರೂ ಕಣ್ಣಾರೆ ನೋಡಬೇಕು, ತಮ್ಮನನ್ನು ಎಷ್ಟು ಮರ್ಯಾದೆಯಿಂದ ಕಳಿಸಿಕೊಟ್ಟರು ಎಂದು ತಿಳಿಯಬೇಕು. ಫೋಟೋ ತೋರಿಸಿದರೆ ಆಗದೇ ಎಂದೆ. ಫೋಟೋ ಯಾರು ಬೇಕಾದರೂ ತೆಗೆಸಿಕೊಳ್ಳುತ್ತಾರಂತೆ.

ನಮ್ಮಂಥವರ ಮನೆಯಲ್ಲಿ ಹೂದಾನಿ ಎಲ್ಲಿಂದ ಬರಬೇಕು? ನಮಗೆ ಹೂವೆಂದರೆ ಮೊಳದ ಲೆಕ್ಕ. ದೇವರಿಗೆ ಒಂದಿಷ್ಟು, ಜಡೆಗೆ ಒಂದಿಷ್ಟು. ಕೊನೆಗೆ ನನ್ನ ಉಪ್ಪಿನಕಾಯಿ ಜಾಡಿ ಖಾಲಿಯಾಯಿತು. ಉಪ್ಪಿನಕಾಯಿ ಪಾತ್ರೆಪಾತ್ರೆಗಳಲ್ಲಿ ನಿರಾಶ್ರಿತವಾಯಿತು.

ಇವರು ಫೋನಿನಲ್ಲಿ ವಿಡಿಯೋ ನೋಡಿ ಪಂಡಿತರಾದರು. ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಬೇಕು, ನೀರಿಗೆ ಮುಳುಗುವ ಎಲೆಗಳನ್ನು ಕೀಳಬೇಕು, ನೀರನ್ನು ದಿನಾ ಬದಲಿಸಬೇಕು. ನಮ್ಮ ಬೋರಿನ ನೀರು ಗಡಸು, ಹಾಗಾಗಿ ಹೂವಿಗೆ ಕ್ಯಾನಿನ ನೀರು ಬಂತು, ನಮ್ಮ ಕಾಫಿಗೆ ಬೋರಿನ ನೀರು. ಫ್ಯಾನಿನ ಗಾಳಿ ಹೂವಿಗೆ ಆಗದು, ಅದೂ ನಿಂತಿತು. ಬಾಳೆಹಣ್ಣು ಪಕ್ಕದಲ್ಲಿದ್ದರೆ ಹೂವು ಬೇಗ ಬಾಡುತ್ತದೆಂದು ಚಿಪ್ಪನ್ನು ಹಿತ್ತಲಿಗೆ ಗಡೀಪಾರು ಮಾಡಿದರು, ಅಲ್ಲಿ ಅದು ಕೋತಿಯ ಪಾಲಾಯಿತು. ಚರ್ಚಿಗೆ ಹೂವಿಡುವ ಪಕ್ಕದ ಮನೆಯಾಕೆ ಬಂದು, "ಕೊಂಜ ಸಕ್ಕರೆ ಹಾಕಿ ಸಾರ್, ಕೊಂಜ ನಿಂಬೆರಸ," ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿಹೋದಳು. ಸಕ್ಕರೆ ಕಾಯಿಲೆಯೆಂದು ನಾನು ಇವರಿಗೆ ಕೊಡದೆ ಬಚ್ಚಿಟ್ಟಿದ್ದ ಸಕ್ಕರೆಯನ್ನು ಗುಲಾಬಿಗಳು ಕುಡಿದವು. ಮದುವೆಯಾದಾಗಿನಿಂದ ನನಗೆ ಇಂಥ ಉಪಚಾರ ನಡೆದದ್ದು ನೆನಪಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಇಷ್ಟನ್ನೂ ನಮ್ಮತ್ತೆ ಮಂಚದ ಮೇಲೆ ಕೂತು ನೋಡುತ್ತಿದ್ದರು. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಶನಿವಾರ ನಾವಿಬ್ಬರೂ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ ಹೋಗಿ ಬಂದೆವು. ಬಂದು ನೋಡಿದರೆ ಜಾಡಿಯಲ್ಲಿ ಬರೀ ಕಡ್ಡಿಗಳು ನಿಂತಿದ್ದವು. ಒಂದರ ಮೇಲೂ ಹೂವಿಲ್ಲ. ಇವರ ಕೈಯಲ್ಲಿದ್ದ ತರಕಾರಿ ಚೀಲ ಹಾಗೇ ಕೆಳಗಿಳಿಯಿತು.

"ಅಮ್ಮಾ, ಊವೆಲ್ಲಿ?"

"ಫ್ರಿಜ್ನಾಗೈತೆ," ಅಂದರು ಅತ್ತೆ, ಏನೂ ಆಗದವರ ಹಾಗೆ. "ಕಡ್ಡಿ ಸಮೇತ ಬಯಲಾಗಿಟ್ರೆ ಊವು ಉಳೀತೈತೇನ್ಲಾ? ಬಾಡ್ಬಾರ್ದು, ಬಾಡ್ಬಾರ್ದು ಅಂತ ಬಡ್ಕೋತಿದ್ಯಲ್ಲ. ಎಲ್ಲಾ ಬಿಡ್ಸಿ, ಒದ್ದೆ ಬಟ್ಟೆ ಸುತ್ತಿ ಡಬ್ಬೀಗಾಕಿವ್ನಿ. ಭಾನ್ವಾರ ಅಲ್ಲ, ಬುಧ್ವಾರದ್ ತನ್ಕ ಇರ್ತೈತೆ."

ಮಲ್ಲಿಗೆ, ಕನಕಾಂಬರವನ್ನು ನಾವೆಲ್ಲ ಇಡುವುದೂ ಹಾಗೆಯೇ. ಕಡ್ಡಿ ಅವರ ಪಾಲಿಗೆ ಕಸ. ಕಸಕ್ಕೆ ಸಕ್ಕರೆ ನೀರು ಕುಡಿಸುತ್ತಿರುವ ಮಗನ ತಲೆ ಕೆಟ್ಟಿದೆ ಎಂದುಕೊಂಡಿದ್ದರೇನೋ. ಡಬ್ಬಿ ತೆಗೆದು ನೋಡಿದೆ. ಹೂಗಳು ನಿಜಕ್ಕೂ ಕಳೆಕಳೆಯಾಗಿದ್ದವು. ಇವರು ಆ ದಿನ ಊಟ ಬೇಡವೆಂದರು. ಹೂವಿಗಾಗಿ ಮುನಿಸಿಕೊಂಡ ಗಂಡಸನ್ನು ನಾನು ಮೊದಲ ಸಲ ನೋಡಿದೆ, ನಗು ತಡೆದುಕೊಳ್ಳುವುದೇ ಕಷ್ಟವಾಯಿತು. ಆದರೆ ಅವರ ಮುಖ ನೋಡಿದರೆ ಅಯ್ಯೋ ಅನಿಸುತ್ತಿತ್ತು.

ಭಾನುವಾರ ಭಾವ ಬಂದರು. ಚಪ್ಪಲಿ ಬಿಡುವಾಗಲೇ ಅವರ ಕಣ್ಣು ಜಾಡಿಯ ಮೇಲೆ ಬಿತ್ತು.

"ಏನ್ಲಾ, ಕಡ್ಡಿಗ್ಯಾಕೆ ನೀರಾಕಿದ್ದೀಯ?"

ಇವರು ಗೋಡೆ ನೋಡಿದರು.

ಅಷ್ಟರಲ್ಲಿ ಅತ್ತೆ ಫ್ರಿಜ್ಜಿನಿಂದ ಡಬ್ಬಿ ತಂದರು. ಬೆಳಿಗ್ಗೆ ಯಾವ ಮಾಯದಲ್ಲಿ ಕಟ್ಟಿದ್ದರೋ, ಒಳಗೆ ಗುಲಾಬಿ, ಜರ್ಬೆರಾ ಸೇರಿಸಿದ ದಪ್ಪ ಹಾರವಿತ್ತು. ಇವರ ಮುಖ ಅರಳಿತು. ಕೂದಲು ಸರಿ ಮಾಡಿಕೊಂಡು ತಾಯಿಯ ಮುಂದೆ ತಲೆ ಬಗ್ಗಿಸಿದರು. ಅತ್ತೆ ಆ ಬಗ್ಗಿದ ತಲೆಯನ್ನು ದಾಟಿ ಹೋಗಿ ಹಾರವನ್ನು ದೊಡ್ಡ ಮಗನ ಕೊರಳಿಗೆ ಹಾಕಿದರು.

"ಗಣಿ ಮುಚ್ದಾಗ ನಿಂಗ್ಯಾರೂ ಒಂದೂವ ಕೊಡ್ಲಿಲ್ಲ. ಬುತ್ತಿ ಡಬ್ಬಿ ಇಡ್ಕೊಂಡು ಬರಿ ಕೊರಳಾಗೆ ಬಂದೆ. ನಾನು ನೋಡ್ದೆ," ಎಂದರು.

ಮಾತಿನಲ್ಲಿ ಯಾರಿಗೂ ಸೋಲದ ಭಾವ ಹಾರವನ್ನೇ ಮುಟ್ಟಿ ಮುಟ್ಟಿ ನೋಡಿದರು. ನನಗೆ ಇವರದ್ದೇ ಭಯ. ಬಗ್ಗಿಸಿದ ತಲೆ ಎತ್ತಲು ಇವರಿಗೆ ತುಸು ಹೊತ್ತು ಹಿಡಿಯಿತು. ಆಮೇಲೆ ಅಣ್ಣನ ಹತ್ತಿರ ಹೋಗಿ, ಅಂಗಿಯ ಗುಂಡಿಗೆ ಸಿಕ್ಕಿಕೊಂಡಿದ್ದ ದಾರವನ್ನು ಬಿಡಿಸಿ ಹಾರವನ್ನು ಸರಿ ಮಾಡಿದರು.

"ತಣ್ಣಗೈತಾ?" ಎಂದು ಕೇಳಿದರು.

"ಊಂ ಕಣ್ಲಾ. ತಣ್ಣಗೈತೆ."

ಭಾವ ಊಟಕ್ಕೂ ಹಾರ ತೆಗೆಯಲಿಲ್ಲ. ಜರ್ಬೆರಾ ಮೇಲೆ ಸಾರು ಬಿತ್ತು, ಒರೆಸಿಕೊಂಡರು. ಸಂಜೆ ಅದೇ ಹಾರದಲ್ಲಿ ಬಸ್ಸಿಗೆ ಹೊರಟರು, ಇವರು ಬಿಟ್ಟುಬರಲು ಜೊತೆಗೆ ಹೋದರು.

ತಿರುಗಿ ಬಂದವರು ಜಾಡಿಯ ಕಡ್ಡಿಗಳನ್ನು ತೆಗೆದು ಹೊರಗೆ ಎಸೆದರು, ಫ್ಯಾನ್ ಹಾಕಿ ಅದರ ಕೆಳಗೆ ಕೂತರು. ಏನಾಯಿತು ಎಂದು ಕೇಳಿದೆ.

"ಬಸ್ನಾಗೆ ಕಂಡಕ್ಟ್ರು ಕೇಳ್ದ, ಏನ್ ವಿಶೇಷ ಯಜಮಾನ್ರೆ ಅಂತ," ಎಂದರು. "ಇವತ್ತು ರಿಟೈರ್ ಆದೆ ಅಂದ, ನಮ್ಮಣ್ಣ."