ದಂಡೆಯ ಮೇಲೆ ಹೇಳಬಾರದ ಹೆಸರು

ಹನ್ನೊಂದು ಎಮ್ಮೆ ಒಂದೇ ಸಾಲಿನಲ್ಲಿ ನಿಂತಿದ್ದವು. ನಡು ಮಧ್ಯಾಹ್ನ, ಸುಡುವ ಬಿಸಿಲು, ಎದುರಿಗೆ ನೀರು. ಒಂದೂ ಇಳಿಯಲಿಲ್ಲ. ಬಾಲ ಕೂಡ ಆಡಿಸಲಿಲ್ಲ. ಇಂಥ ಎಮ್ಮೆಗಳನ್ನು ನೀವೆಲ್ಲಾದರೂ ನೋಡಿದ್ದೀರಾ?

ನಮ್ಮ ಮೋರಖಂಡಿ ಕಡೆಯ ಕೆರೆಯೊಂದಕ್ಕೆ ಮತ್ತೆ ಜೀವ ತುಂಬುವ ಕೆಲಸ ನಡೆದಿದೆ. ದಂಡೆಗೆ ಜೊಂಡು, ಹಕ್ಕಿಗೆ ಗೂಡು, ದನಕ್ಕೆ ದಾರಿ. ಮಾಡಿಸುವವಳು ಹುಮನಾಬಾದಿನ ಶಾಹೀನ್. ಕಾರವಾರದ ಕಡೆ ಸಮುದ್ರದಂಚಿನಲ್ಲಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡ ನೆಟ್ಟು ಬಂದ ಹುಡುಗಿ. ಅಲ್ಲಿ ಯಾರನ್ನೂ ಕೇಳದೆ ನೆಟ್ಟ ಸಸಿಗಳು ಕೊಚ್ಚಿಹೋದವಂತೆ. ಚಿಪ್ಪು ಹೆಕ್ಕುವ ಹೆಂಗಸರನ್ನು ಕೇಳಿ ನೆಟ್ಟವು ಉಳಿದವಂತೆ. ಹಾಗಾಗಿ ಇಲ್ಲೂ ಮೊದಲು ಮೀಟಿಂಗ್ ಕರೆದಳು. ಕೆರೆ ದಂಡೆಯ ಮೇಲೆ, ಕುರ್ಚಿ ಹಾಕಿಸಿ.

“ಎಮ್ಮಿ ಇಳಿಯಾಕ ಮೂಡಣ ಕಡಿ ದಾರಿ ಮಾಡಾಕತ್ತೇವ್ರಿ. ಏನರ ತ್ರಾಸ ಅದ ಏನ್ರಿ?”

ಎಲ್ಲರೂ ಸುಮ್ಮನೆ. ನಾನೂ ಸುಮ್ಮನೆ.

ಅಲ್ಲಿ ನೀರಿನಡಿ ಹಳೇ ಬಾವಿಯಿದೆ. ಕೆರೆ ಕಟ್ಟಿದಾಗ ಮುಳುಗಿದ್ದು. ನೀರಿಗೆ ಕೇಳುವಂತೆ ಅದರ ಮಾತೆತ್ತಬಾರದು, ಹೆಸರನ್ನಂತೂ ಹೇಳಲೇಬಾರದು. ಹೇಳಿದವರ ಗುರುತು ಅದು ಇಟ್ಟುಕೊಳ್ಳುತ್ತದೆ ಅಂತ ನಮ್ಮತ್ತೆ ಹೇಳಿದ್ದಳು. (ಇಲ್ಲೂ ಬರೆಯುವುದಿಲ್ಲ. ಪೇಪರು ಒದ್ದೆಯಾಗಬಹುದಲ್ಲ?)

ದಾರಿ ಆಯಿತು. ಎಮ್ಮೆಗಳು ನಿಂತವು.

“ಹೊಸಾದು ನೋಡಿ ಅಂಜ್ಯಾವ್ರಿ ಆಯಿ. ನಾ ಮುಂದ ಹೋಗ್ತೀನಿ, ಹಿಂದ ಬರ್ತಾವ,” ಎಂದು ನನಗೆ ಹೇಳಿ ಶಾಹೀನ್ ಬಿದಿರು ಕೋಲು ಹಿಡಿದು ನೀರಿಗಿಳಿದಳು. ಮೊಣಕಾಲು. ಸೊಂಟ. ಒಂದು ಹಕ್ಕಿಯೂ ಕೂಗಲಿಲ್ಲ.

ನಾನು ಕೂಗಿದೆ. “ಏ ಬೇಟಿ, ಅಲ್ಲೇ ನಿಂದ್ರ!” ಎಂದೆ. ಬಾವಿಯ ಹೆಸರನ್ನೂ ಕೂಗಿಯೇಬಿಟ್ಟೆ.

ನಿಂತಳು. ಕೋಲನ್ನು ಮುಂದಕ್ಕೆ ಊರಿದಳು. ಅದು ನೆಲ ಮುಟ್ಟಲೇ ಇಲ್ಲ. ಕೈಜಾರಿ, ಯಾರೋ ಎಳೆದಂತೆ ಒಳಗೆ ಹೋಯಿತು. ಬಿದಿರು ತೇಲಬೇಕಲ್ಲ? ಇವತ್ತಿಗೂ ಮೇಲೆ ಬಂದಿಲ್ಲ.

ಹೊರಗೆ ಬಂದವಳೇ ಜಗಳಕ್ಕೆ ನಿಂತಳು. “ಮೀಟಿಂಗ್‌ದಾಗ ಯಾಕ ಹೇಳಲಿಲ್ರಿ? ಈಗ ಸಾಯ್ತಿದ್ದೆ ನಾ!”

“ದಂಡಿ ಮ್ಯಾಲ ಕುಂದ್ರಿಸಿ ಕೇಳಿದ್ರ ಯಾರ್ ಹೇಳ್ತಾರ? ನಮ್ಮ ಒಲಿ ಮುಂದ ಬಂದು ಕೇಳಬೇಕಿತ್ತ.”

“ಚಾ ಕೊಡ್ತಿದ್ರೇನ್ರಿ?”

“ಬೈಗಳಾನೂ ಕೊಡ್ತಿದ್ದೆ.”

ಮರುದಿನ ಬಂದಳು. ಮನೆಮನೆಗೂ ಹೋದಳು. ಎಲ್ಲಿ ಇಳಿಯುತ್ತೀರಿ ಎಂದಲ್ಲ, ಎಲ್ಲಿ ಇಳಿಯುವುದಿಲ್ಲ ಎಂದು ಕೇಳಿದಳು. ದಾರಿ ಪಡುವಣಕ್ಕೆ ಬಂತು. ಎಮ್ಮೆಗಳು ದಡದಡ ಇಳಿದವು.

ತಪ್ಪು ಅವಳೊಬ್ಬಳದೇ? ಒಂದು ಹೆಸರಿಗೆ ಅಂಜಿ ಹುಡುಗಿಯನ್ನು ನೀರಿಗೆ ಬಿಟ್ಟವರು ನಾವು.

ದೆವ್ವಗಿವ್ವ ನಾನು ನಂಬುವವಳಲ್ಲ. ಆದರೆ ಮೊನ್ನೆ ಪಡುವಣ ದಂಡೆಯಲ್ಲಿ ಬಟ್ಟೆ ಒಗೆಯುವಾಗ ನನ್ನ ಕಲ್ಲಿನ ಮುಂದೆ ಗುಳ್ಳೆ ಎದ್ದವು. ಆಚೆ ಕಲ್ಲಿಗೆ ಹೋದೆ. ಅಲ್ಲೂ ಎದ್ದವು.

ಬಾವಿ ಇರುವುದು ಮೂಡಣಕ್ಕೆ. ಪಡುವಣದಲ್ಲಿ ನನ್ನನ್ನು ಹುಡುಕುತ್ತಿರುವುದು ಯಾರು?